ಅಜ್ಜನ ಹೆಸರಿಲ್ಲದೆ ಚಿತ್ರವಿಲ್ಲ

ವರ್ಸಮೆ ನೆಟ್ಟಗೆ ನಿಂತದ್ದನ್ನು ಕಣ್ಣಾರೆ ಕಂಡವರು ಅವನ ತಾಯಿಯನ್ನು ಬಿಟ್ಟರೆ ನಮ್ಮ ಹಮರ್ ಪಟ್ಟಣದಲ್ಲಿ ಯಾರೂ ಉಳಿದಿಲ್ಲ. ಆಕೆಯೂ ಅದು ತಾನು ಅವನನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತಿದ್ದ ಕಾಲದ ಮಾತೆಂದೂ, ಬೆನ್ನಿಗೆ ಬಿಗಿದ ಕೂಸು ನೆಟ್ಟಗಿರುವುದು ಕೂಸಿನ ಗುಣವಲ್ಲ, ಬಟ್ಟೆಯ ಗಂಟಿನ ಗುಣವೆಂದೂ ಹೇಳುತ್ತಾಳೆ. ಕ್ಯಾಮೆರಾದ ಚೀಲ ಅರ್ಧ ಆಯುಷ್ಯ ಅವನ ಎಡಭುಜಕ್ಕೆ ಜೋತುಬಿದ್ದು, ಚೀಲ ಇಳಿಸಿದ ಮೇಲೂ ದೇಹ ಇಳಿಸಿಕೊಳ್ಳದೆ, ಮನುಷ್ಯ ಎಡಕ್ಕೆ ವಾಲಿಯೇ ನಡೆಯುತ್ತಾನೆ. ಲಿಡೋ ತೀರದಲ್ಲಿ ಅವನು ನಡೆದುಹೋಗುವುದನ್ನು ದೂರದಿಂದ ಕಂಡ ಬೆಸ್ತರು ಗಾಳಿ ತಿರುಗಿತೆಂದು ದೋಣಿಗಳನ್ನು ದಡಕ್ಕೆಳೆದುಕೊಂಡು, ಮಧ್ಯಾಹ್ನದವರೆಗೂ ಬಾರದ ಬಿರುಗಾಳಿಯನ್ನು ಬೈಯುತ್ತ ಕೂತದ್ದುಂಟು. ಶುಕ್ರವಾರದ ನಮಾಜಿನ ಸಾಲಿನಲ್ಲಿ ಅವನ ಎಡಕ್ಕೆ ನಿಂತವನು ದೇವರ ಜೊತೆಗೆ ವರ್ಸಮೆಯನ್ನೂ ಹೊರಬೇಕಾದ್ದರಿಂದ ಆ ಜಾಗಕ್ಕೆ ಪುಣ್ಯ ಒಂದೂವರೆ ಪಾಲು ಎಂಬ ನಂಬಿಕೆ ನಮ್ಮ ಮೊಹಲ್ಲಾದಲ್ಲಿದೆ. ದಹಬೊಳ ಚಹಾದಂಗಡಿಯ ಗೋಡೆಯ ಮೇಲೆ ನೇತುಹಾಕಿದ್ದ ಮೆಕ್ಕಾದ ಪಟವು, ಅವನು ಒಂದು ಮಳೆಗಾಲವಿಡೀ ಅದರ ಕೆಳಗೆ ಕೂತು ಎದ್ದದ್ದರಿಂದ, ಸಹವಾಸದೋಷಕ್ಕೆ ತಾನೂ ಎಡಕ್ಕೆ ವಾಲಿತು. ಮೊಳೆ ಎಷ್ಟು ಸಲ ಬದಲಿಸಿದರೂ ನೆಟ್ಟಗಾಗಲಿಲ್ಲ.

ಹೀಗಾಗಿ ಅವನು ಓರೆ ವರ್ಸಮೆ. ನಮ್ಮಲ್ಲಿ ತಂದೆ ಇಟ್ಟ ಹೆಸರು ದಾಖಲೆಗೆ, ಊರು ಇಟ್ಟ ಹೆಸರು ಬದುಕಿಗೆ. ಕುಂಟನನ್ನು ಕುಂಟ ಎನ್ನುತ್ತೇವೆ, ಬೋಳನನ್ನು ಬೋಳ ಎನ್ನುತ್ತೇವೆ, ಅವರೂ ಸಂತೋಷವಾಗಿ ಓಗೊಡುತ್ತಾರೆ. ನಮ್ಮ ದೊಡ್ಡ ಮನುಷ್ಯರ ಹೆಸರುಗಳನ್ನು ಒಟ್ಟಿಗೆ ಕೂಗಿದರೆ ಆಸ್ಪತ್ರೆಯಲ್ಲಿ ಹೊರರೋಗಿಗಳನ್ನು ಒಳಕ್ಕೆ ಕರೆದಂತಿರುತ್ತದೆ. ತಂದೆ ಇಟ್ಟ ಹೆಸರಿಗಾದರೂ ಅರ್ಥ ಕಡಿಮೆಯಿಲ್ಲ. ವರ್ ಎಂದರೆ ಸುದ್ದಿ, ಸಮೆ ಎಂದರೆ ಒಳ್ಳೆಯದು. ಶುಭವಾರ್ತೆಯೆಂದು ನಾಮಕರಣ ಮಾಡಿಸಿಕೊಂಡ ಈ ಮನುಷ್ಯ ತನ್ನ ವಯಸ್ಸಿನ ಉತ್ತಮಭಾಗವನ್ನೆಲ್ಲ ಬರಗಾಲ, ನೆರೆಹಾವಳಿ, ಗುಳೆ ಹೊರಟ ಜನರ ಗುಡಾರಗಳು, ಮದ್ದಿಲ್ಲದ ಆಸ್ಪತ್ರೆಗಳು, ಇವುಗಳ ಚಿತ್ರ ತೆಗೆಯುವುದರಲ್ಲಿ ಕಳೆದನು. ಅವನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ದಹಬೊ ಕೆಟಲಿನ ಮುಚ್ಚಳ ಮುಚ್ಚಿ, "ಬಂತಪ್ಪಾ ಶುಭವಾರ್ತೆ. ಇವತ್ತು ಎಲ್ಲಿ ಯಾರು ಮನೆ ಬಿಟ್ಟರಂತೆ?" ಎನ್ನುತ್ತಿದ್ದಳು.

ಅವನ ಅಂಗಿಯ ಮೇಲಿನ ಕಂದುಬಣ್ಣದ ತೋಳಿಲ್ಲದ ಕೋಟಿನ ವಿಷಯ ಹೇಳದೆ ಅವನ ವಿಷಯ ಹೇಳಿದಂತಾಗುವುದಿಲ್ಲ. ಅದಕ್ಕೆ ಎಷ್ಟು ಜೇಬುಗಳಿವೆಯೆಂಬುದು ಅದನ್ನು ಹೊಲಿದ ದರ್ಜಿಗೂ ಮರೆತುಹೋಗಿದೆ. ಒಂದರಲ್ಲಿ ಬ್ಯಾಟರಿ, ಒಂದರಲ್ಲಿ ಖರ್ಜೂರ, ಒಂದರಲ್ಲಿ ಸೂಜಿದಾರ, ಒಂದರಲ್ಲಿ ಸದಾ ಒಂದು ಬಾಳೆಹಣ್ಣು. ನಮ್ಮಲ್ಲಿ ಅನ್ನಕ್ಕೆ ಬಾಳೆಹಣ್ಣು ನಂಚಿಕೊಳ್ಳುವುದು ರೂಢಿ; ಎಲ್ಲಿ ಯಾರು ಅನ್ನ ಇಕ್ಕಿದರೂ ಬಾಳೆಹಣ್ಣಿಲ್ಲದೆ ಅನ್ನ ಉಣ್ಣುವ ದುರ್ಗತಿ ತನಗೆ ಬಾರದಿರಲೆಂಬ ಮುಂಜಾಗ್ರತೆ ಅದು. ಸಾಗರದಾಚೆಯ ಯಾವುದೋ ಊರಿನವರು ಅವನಿಗೊಂದು ಬಹುಮಾನ ಕೊಟ್ಟು ಕರೆಸಿಕೊಂಡಾಗಲೂ ಅವನು ಅದೇ ಕೋಟು ತೊಟ್ಟುಕೊಂಡೇ ಹೊರಟ. ನಡುದಾರಿಯ ವಿಮಾನ ನಿಲ್ದಾಣದಲ್ಲಿ ಜೇಬುಗಳ ತಪಾಸಣೆ ಆರಂಭಿಸಿದ ಅಧಿಕಾರಿಯ ಪಾಳಿ ಮುಗಿದು, ಅವನ ಸ್ಥಾನಕ್ಕೆ ಬಂದವನ ಪಾಳಿಯೂ ಮುಗಿದು, ಅಷ್ಟರಲ್ಲಿ ವಿಮಾನ ಹೋಗಿ ಬಹುಮಾನ ವಿತರಣೆಯೂ ನಡೆದುಹೋಗಿತ್ತಂತೆ. ಬಹುಮಾನದ ಗಾಜಿನ ಫಲಕ ಆಮೇಲೆ ಅಂಚೆಯಲ್ಲಿ ಬಂತು. ಅದನ್ನು ಅವನ ತಾಯಿ ಅಂಬರೊ ಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ ಅಡ್ಡ ಇಟ್ಟಿದ್ದಾಳೆ.

ಕಸುಬು ಕಲಿತದ್ದು ಸೋದರಮಾವನ ಮದುವೆ ಸ್ಟುಡಿಯೋದಲ್ಲಿ. ಗೋಡೆಗೆ ಜಲಪಾತ ಬರೆಸಿದ್ದ ಆ ಅಂಗಡಿಯಲ್ಲಿ ಮದುಮಕ್ಕಳನ್ನು ನಿಲ್ಲಿಸಿ, ಮುಖಕ್ಕೆ ದೀಪ ಬಿಟ್ಟು, ಇದ್ದುದಕ್ಕಿಂತ ಎರಡು ಪಟ್ಟು ಬೆಳ್ಳಗೆ ಮಾಡಿ ಕಳಿಸುವುದು ವ್ಯಾಪಾರದ ಗುಟ್ಟು. ಇವನನ್ನು ಮದುವೆಮನೆಗೆ ಕಳಿಸಿದರೆ ಮದುಮಗಳನ್ನು ಬಿಟ್ಟು ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುವ ಅಜ್ಜಿಯ ಕಡೆಗೆ ಕ್ಯಾಮೆರಾ ವಾಲುತ್ತಿತ್ತು. ಆಲ್ಬಮ್ ತೆರೆದರೆ ತುಂಬಾ ಅಜ್ಜಿಯಂದಿರು. "ಲೋ, ನಾನು ಮಾಡ್ತಿರೋದು ಮದುವೆ ವ್ಯಾಪಾರ. ನೀನು ಮುಪ್ಪಿನ ವ್ಯಾಪಾರಕ್ಕೆ ಇಳಿದಿದ್ದೀಯ, ಬೇರೆ ಅಂಗಡಿ ಹುಡುಕ್ಕೋ" ಎಂದು ಮಾವ ಒಂದು ಹಳೆಯ ಕ್ಯಾಮೆರಾ ಕೊಟ್ಟು ಹೊರಗೆ ಹಾಕಿದ. ಅದೇ ವಾರ ನಮ್ಮ ಬೀದಿಗಳಲ್ಲಿ ಗುಂಡಿನ ಕಾಳಗ. ಜನ ಗಂಟುಮೂಟೆ ಹೊತ್ತು ಓಡುತ್ತಿದ್ದಾಗ, ನಾಲ್ವರು ಗಂಡುಮಕ್ಕಳು ತಾಯಿಯನ್ನು ಮಂಚದ ಸಮೇತ ಹೊತ್ತೊಯ್ಯುತ್ತಿದ್ದರು. ಮಂಚದ ಮೇಲೆ ಕೂತ ಆ ಮುದುಕಿ ಊರುಗೋಲಿನಿಂದ ಎಡ ಬಲ ತೋರಿಸುತ್ತ ಇಡೀ ಬೀದಿಯ ಸಂಚಾರವನ್ನು ನಿಯಂತ್ರಿಸುತ್ತಿದ್ದಳು. ವರ್ಸಮೆ ತೆಗೆದ ಆ ಚಿತ್ರ ನೈರೋಬಿಯ ಸುದ್ದಿಸಂಸ್ಥೆಯೊಂದರ ಮೂಲಕ ಲೋಕ ಸುತ್ತಿತು. ಅಜ್ಜಿಯಂದಿರ ಮೇಲಿನ ಒಲವು ಅನ್ನ ಹಾಕಬಲ್ಲದೆಂದು ಅಂದು ಅವನಿಗೆ ತಿಳಿಯಿತು; ಮಾವನಿಗೆ ಇಂದಿಗೂ ತಿಳಿದಿಲ್ಲ.

ಅವನ ಕೆಲಸದ ರೀತಿಯೇ ಬೇರೆ. ಮರುಭೂಮಿಯಲ್ಲಿ ದಾರಿಹೋಕನೊಬ್ಬ ಎದುರಾದರೆ ನಮ್ಮ ಹಿರಿಯರು ಕೇಳುತ್ತಿದ್ದ ಮೊದಲ ಮಾತು "ಸುದ್ದಿ ಕೊಡು" ಎಂದು. ಎಲ್ಲಿ ಮಳೆಯಾಯಿತು, ಎಲ್ಲಿ ಹುಲ್ಲಿದೆ, ಯಾರು ಸತ್ತರು, ಯಾರು ರಾಜಿಯಾದರು, ಅದನ್ನೆಲ್ಲ ಒಪ್ಪಿಸಿದ ಮೇಲೆಯೇ ಅವನಿಗೆ ಹಾಲು, ನೆರಳು. ಸುದ್ದಿ ಕೊಡದೆ ಸುದ್ದಿ ಕೇಳುವವನು ಕಳ್ಳನಿಗೆ ಸಮ. ವರ್ಸಮೆ ಈ ಪದ್ಧತಿಯನ್ನು ಕ್ಯಾಮೆರಾಕ್ಕೂ ಹಚ್ಚಿದ. ಗುಡಾರದ ಎದುರು ಕುಕ್ಕರಗಾಲಿನಲ್ಲಿ ಕೂತು, "ಸುದ್ದಿ ಹೀಗಿದೆ" ಎಂದು ಶುರುಮಾಡಿ, ಪೇಟೆಯಲ್ಲಿ ಸಕ್ಕರೆಯ ಧಾರಣೆ, ಶಬೆಲ್ಲೆ ನದಿಯ ನೀರಿನ ಮಟ್ಟ, ಯಾವ ಕುಲದ ಯಾವ ಹಿರಿಯನಿಗೆ ಮಂಡಿನೋವು, ಎಲ್ಲ ಹೇಳಿ, ಅವರದನ್ನೆಲ್ಲ ಕೇಳಿ, ಇದ್ದರೆ ಚಹಾ ಕುಡಿದು, ಕಡೆಗೆ "ತೆಗೀಲಾ?" ಎನ್ನುತ್ತಿದ್ದ. ಬೇಡವೆಂದರೆ ಇನ್ನೊಂದು ಲೋಟ ಚಹಾ ಕುಡಿದು ಎದ್ದುಬರುತ್ತಿದ್ದ. ಅಷ್ಟರಲ್ಲಿ ಹೊರದೇಶದಿಂದ ಬಂದ ಛಾಯಾಗ್ರಾಹಕರು ಸಾವಿರ ಚಿತ್ರ ತೆಗೆದು, ವಿಮಾನ ಹತ್ತಿ, ತಮ್ಮೂರಿನಲ್ಲಿ ಸ್ನಾನ ಮುಗಿಸಿರುತ್ತಿದ್ದರು. ಒಮ್ಮೆ ಯಾರೋ ಒಬ್ಬ ದೊಡ್ಡ ಮನುಷ್ಯ ನಿರಾಶ್ರಿತರಿಗೆ ಅಕ್ಕಿಮೂಟೆ ಹಂಚುವ ಸಮಾರಂಭಕ್ಕೆ ಇವನನ್ನು ಕರೆಸಿದ. ಇವನು ಸಾಲಿನಲ್ಲಿದ್ದ ಮೂರನೆಯ ಹೆಂಗಸಿಗೆ ಸುದ್ದಿ ಒಪ್ಪಿಸುವಷ್ಟರಲ್ಲಿ ಸಮಾರಂಭ ಮುಗಿದು, ಫೋಟೋಕ್ಕೆಂದು ಇಳಿಸಿದ್ದ ಮೂಟೆಗಳು ಮತ್ತೆ ಲಾರಿ ಏರಿ ಹೊರಟಿದ್ದವು. ಇವನಿಗೆ ಸಿಕ್ಕಿದ್ದು ಲಾರಿಯ ಬೆನ್ನಿನ ಚಿತ್ರ ಒಂದೇ. ಅದು ಪ್ರಕಟವಾದ ಮೇಲೆ, ಹವೆ ಬದಲಾವಣೆಗಾಗಿ ಕೆಲಕಾಲ ನೈರೋಬಿಯಲ್ಲಿರುವುದು ಆರೋಗ್ಯಕ್ಕೆ ಒಳ್ಳೆಯದೆಂದು ಹಿತೈಷಿಗಳು ಸೂಚಿಸಿದರು.

ಇನ್ನು ಅವನ ಹಟ. ತನ್ನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು: ಮೂರು ಸೇರಿದರೆ ನಮ್ಮಲ್ಲಿ ಒಬ್ಬ ಮನುಷ್ಯ. ಅದಿಲ್ಲದೆ ವರ್ಸಮೆ ಯಾರ ಚಿತ್ರವನ್ನೂ ಹೊರಗೆ ಬಿಡುತ್ತಿರಲಿಲ್ಲ. ಬರೆದುಕೊಳ್ಳುವ ಅಭ್ಯಾಸವಿಲ್ಲ, ಹಿಂದಿನವರು ವಂಶಾವಳಿ ಬಾಯಿಪಾಠ ಮಾಡಿದಂತೆ ಸಾವಿರಾರು ಹೆಸರುಗಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ. ನೈರೋಬಿಯ ಸಂಪಾದಕನಿಗೆ ಇದು ತಲೆನೋವು. ಹಸಿದ ಮಗುವಿನ ಚಿತ್ರದ ಕೆಳಗೆ ಇಷ್ಟುದ್ದದ ಹೆಸರು ಯಾರು ಓದುತ್ತಾರೆ, "ಒಬ್ಬ ಹುಡುಗಿ" ಎಂದರೆ ಸಾಲದೇ ಎಂದು ಫೋನಿನಲ್ಲಿ ಕೇಳಿದ.

"ಸಾಕು, ಹಾಗೇ ಹಾಕಿ. ತೆಗೆದವರು ಅಂತ ನನ್ನ ಹೆಸರಿರುತ್ತಲ್ಲ, ಅಲ್ಲೂ 'ಒಬ್ಬ ಗಂಡಸು' ಅಂತ ಹಾಕಿಬಿಡಿ" ಎಂದ ವರ್ಸಮೆ.

ಆ ವಾದ ನಡೆದದ್ದು ಕಲ್ತೂಮೊಳ ಚಿತ್ರದ ವಿಷಯಕ್ಕೆ. ಹಿಂದಿನ ದೊಡ್ಡ ಬರಗಾಲದಲ್ಲಿ, ಬೈದೋವಾ ಪಟ್ಟಣದ ಹೊರಗೆ, ಆರು ವರ್ಷದ ಹುಡುಗಿಯೊಂದು ತನ್ನ ಮುಖಕ್ಕಿಂತ ದೊಡ್ಡ ತಗಡಿನ ಲೋಟದಲ್ಲಿ ನೀರು ಕುಡಿಯುತ್ತ, ಲೋಟದ ಅಂಚಿನ ಮೇಲಿಂದ ಕ್ಯಾಮೆರಾವನ್ನು ಗದರಿಸಿ ನೋಡುತ್ತಿದ್ದ ಚಿತ್ರ ಅದು. ಅಳುವ ಕಣ್ಣುಗಳನ್ನೇ ಕಂಡು ಅಭ್ಯಾಸವಾಗಿದ್ದ ಲೋಕಕ್ಕೆ ಗದರಿಸುವ ಕಣ್ಣು ಹೊಸದು. ಚಿತ್ರ ಎಲ್ಲೆಡೆ ಹೋಯಿತು. ಅದರ ಹಿಂದೆಯೇ ಧಾನ್ಯವೂ ನೀರೂ ಬಂದವು. ಚಿತ್ರ ತೆಗೆದ ದಿನ ಹುಡುಗಿಯ ತಂದೆ ತಾಯಿ ಧಾನ್ಯದ ಸಾಲಿಗೆ ಹೋಗಿದ್ದರು, ಅಜ್ಜ ಉಳಿದೊಂದು ಹಸುವಿನ ಹಿಂದೆ ಹೋಗಿದ್ದ. ಆದ್ದರಿಂದ ವರ್ಸಮೆ ಹುಡುಗಿಗೇ ಸುದ್ದಿ ಕೊಟ್ಟು, ಹುಡುಗಿಯಿಂದಲೇ ಹೆಸರು ಕೇಳಿದ್ದ. ಅವಳು ಲೋಟ ಕೆಳಗಿಟ್ಟು, ಎದೆಯುಬ್ಬಿಸಿ, ಮೂರು ತಲೆಮಾರು ಒಪ್ಪಿಸಿದಳು: "ಕಲ್ತೂಮೊ ಇಬ್ರೋ ಬಖೈಲ್."

ಬಖೈಲ್ ಎಂದರೆ ಜಿಪುಣ. ಬರೀ ಜಿಪುಣನಲ್ಲ, ನೆರಳನ್ನೂ ಮಡಿಸಿ ಪೆಟ್ಟಿಗೆಯಲ್ಲಿಡುವ ಜಿಪುಣ. ವರ್ಸಮೆಗೆ ಒಂದು ಗಳಿಗೆ ಅನುಮಾನ ಬಂದದ್ದು ನಿಜ. ಆದರೆ ಬೈದೋವಾ ಸೀಮೆಯ ಮಾತು ನಮ್ಮ ಹಮರಿನ ಮಾತಲ್ಲ, ಅರ್ಧ ಕಿವಿಗೆ ಸಿಕ್ಕಿದರೆ ಅರ್ಧ ಊಹೆಗೆ. ಅಲ್ಲಿ ಅದು ಯಾವುದೋ ಪೂಜ್ಯ ನಾಮಧೇಯವಾಗಿರಬಹುದು ಎಂದುಕೊಂಡ. ಅಲ್ಲದೆ ಮನುಷ್ಯ ತಾನು ಯಾರೆಂದು ಹೇಳಿಕೊಳ್ಳುತ್ತಾನೋ ಅದನ್ನು ತಿದ್ದುವ ಅಧಿಕಾರ ಕ್ಯಾಮೆರಾದವನಿಗಿಲ್ಲ ಎಂಬುದು ಅವನ ಸಿದ್ಧಾಂತ. ಸಂಪಾದಕ ಸೋತ. ಚರಿತ್ರೆಯಲ್ಲಿ ಮೊದಲ ಬಾರಿಗೆ ಹಸಿದ ಮಗುವೊಂದಕ್ಕೆ ಅಜ್ಜನಿದ್ದಾನೆಂದು ಲೋಕಕ್ಕೆ ತಿಳಿಯಿತು, ಮತ್ತು ಆ ಅಜ್ಜ ಕಡುಜಿಪುಣನೆಂದೂ ತಿಳಿಯಿತು. ಬಿಳಿಯರು ಏನೂ ಅರ್ಥವಾಗದೆ ಕಣ್ಣೀರಿಟ್ಟರು. ನಮ್ಮವರು ಮಾತ್ರ ಹಮರಿನಿಂದ ನಾರ್ವೆಯವರೆಗೆ ಎಲ್ಲಿದ್ದರೋ ಅಲ್ಲಿ ಕಣ್ಣೊರೆಸಿಕೊಳ್ಳುತ್ತ ನಕ್ಕರು. "ಅಜ್ಜನೇ ನೀರು ಅಳೆದು ಕೊಟ್ಟಿರಬೇಕು, ಅದಕ್ಕೇ ಹುಡುಗಿ ಹಾಗೆ ಗುರಾಯಿಸ್ತಿದೆ" ಎಂದು ದಹಬೊಳ ಅಂಗಡಿಯಲ್ಲಿ ನಾವೂ ನಕ್ಕೆವು.

ಆ ಅಜ್ಜನ ನಿಜವಾದ ಹೆಸರು ಇಸಾಕ್. ನಾರ್ವೆಯಲ್ಲಿದ್ದ ತಂಗಿಯ ಮಗ ಫೋನು ಮಾಡಿ, ಲೋಕಪ್ರಸಿದ್ಧ ಜಿಪುಣನಿಗೆ ಸಲಾಂ ಎಂದು ಹೇಳಿದಾಗ ಅವನಿಗೆ ವಿಷಯ ತಿಳಿಯಿತು.

ಎಂಟು ವರ್ಷ ಕಳೆಯಿತು. ಮತ್ತೆ ಮಳೆ ಕೈಕೊಟ್ಟು, ಮತ್ತೆ ಜನ ಒಣಗಿದ ಹೊಲ ಬಿಟ್ಟು ಬೈದೋವಾದ ಹೊರಗೆ ಕಡ್ಡಿಗೆ ಬಟ್ಟೆ ಹೊದಿಸಿ ಕೂತರು. ನೀರಿನ ಲಾರಿ ಬರಬೇಕಾದರೆ ಯಾರಾದರೂ ನೋಡಬೇಕು. ನೋಡಬೇಕಾದರೆ ಯಾರಾದರೂ ತೋರಿಸಬೇಕು. ವರ್ಸಮೆ ಮೊದಲ ವಿಮಾನದಲ್ಲೇ ಹೋದ. ಗುಡಾರದ ಎದುರು ಕೂತು "ಸುದ್ದಿ ಹೀಗಿದೆ" ಎಂದ. ಅಲ್ಲಿದ್ದ ಹೆಂಗಸು ಎದ್ದು ಒಳಗೆ ಹೋದಳು. ಮುಂದಿನ ಗುಡಾರಕ್ಕೆ ಹೋದ. ಅಲ್ಲಿ ತಾಯಿ ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ಮೂರನೆಯ ಕಡೆ ಒಬ್ಬ ಮುದುಕ ಮುಖ ತಿರುಗಿಸಿಕೊಂಡೇ ಹೇಳಿದ: "ನಮ್ಮ ಮಾರಿ ತಗೊಂಡು ಹೋಗಿ ನಗಿಚಾಟ್ಲಿ ಮಾಡಾವ ನೀನಽ ಅಲ್ಲೇನು? ಮೊದಲ ಇಸಾಕನ ಲೆಕ್ಕ ಚುಕ್ತಾ ಮಾಡು. ಆಮ್ಯಾಲ ಬಾ."

ಅವನು ಒಂದೇ ಒಂದು ಚಿತ್ರವಿಲ್ಲದೆ ಹಮರಿಗೆ ಹಿಂತಿರುಗಿದ. ಜೇಬಿನ ಬಾಳೆಹಣ್ಣು ಕಪ್ಪಾಗಿತ್ತು. ನೈರೋಬಿಯ ಸಂಪಾದಕ ಹೇಳಿದ್ದು ಸರಳ: ದೂರದಿಂದ ತೆಗೆಯುವ ಉದ್ದದ ಮಸೂರ ಹಾಕು, ಹೆಸರು ಕೇಳಬೇಡ, ಮುಖ ಕಾಣದಂತೆ ಬೆನ್ನುಗಳನ್ನು ತೆಗೆ. ಅಂಗಡಿಯ ಬೆಂಚಿನ ಮೇಲೆ ಕೂತು ವರ್ಸಮೆ ಅದನ್ನು ನಮಗೆ ಒಪ್ಪಿಸಿ, "ಬೆನ್ನಿಗೆ ಅಜ್ಜ ಇರಲ್ಲವಲ್ಲ" ಎಂದ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಆ ಜನ ಇನ್ನು ತನ್ನ ಎದುರು ನಿಲ್ಲದಿದ್ದರೆ ತಾನು ಮಾವನ ಜಲಪಾತದ ಎದುರು ಹೋಗಿ ನಿಲ್ಲುವುದೇ ಸರಿ ಎಂದೂ ಹೇಳಿದ. ಚಿತ್ರವಿಲ್ಲದೆ ಅಲ್ಲಿಗೆ ಲಾರಿ ಬರುವುದಿಲ್ಲವೆಂಬುದು ಹೇಳದೆಯೇ ನಮಗೆಲ್ಲ ಗೊತ್ತಿತ್ತು.

ನಮ್ಮ ಕಟ್ಟಳೆಯಲ್ಲಿ ಮಾನನಷ್ಟದ ವ್ಯಾಜ್ಯ ಹಿರಿಯರ ಎದುರು, ಮರದ ಕೆಳಗೆ ತೀರಬೇಕು. ಅದಕ್ಕೆ ಅವನ ಕಡೆಯಿಂದಲೂ ಹಿರಿಯರು ಬೇಕು. ಅವನ ಕುಲದಲ್ಲಿ ಉಳಿದ ಹಿರಿಯರೆಂದರೆ ದಹಬೊಳ ಅಂಗಡಿಯ ಗಿರಾಕಿಗಳೇ, ಊರವರು 'ಕೂತಲ್ಲೇ ಕಾದಾಡುವವರು' ಎಂದು ಕರೆಯುವ ನಾವು. ಚಹಾ ಆರುವ ಮೊದಲೇ ಮೂರು ಸರ್ಕಾರ ಉರುಳಿಸಬಲ್ಲ ನಾವು, ಬೆಂಚು ಬಿಟ್ಟು ಎದ್ದದ್ದು ಆ ಶತಮಾನದಲ್ಲಿ ಅದೇ ಮೊದಲು. ನಮ್ಮ ಮುಖಂಡ ಸಮತರ್, ಹಿಂದೆ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವನು, ಇಂದಿಗೂ ಹೆಂಡತಿಗೆ ಉಪ್ಪು ಕೇಳುವಾಗಲೂ ದೇಶವನ್ನು ಉದ್ದೇಶಿಸಿಯೇ ಕೇಳುವವನು. ನಮ್ಮನ್ನು ಹೊತ್ತ ವಿಮಾನ ಎಷ್ಟು ಹಳೆಯದೆಂದರೆ ಅದರ ಮೊದಲ ಪ್ರಯಾಣಿಕರು ನೂಹನ ನಾವೆಯಿಂದ ಇಳಿದು ಇದಕ್ಕೆ ಹತ್ತಿರಬೇಕು. ಇಡೀ ದಾರಿ ಸಮತರ್ ವರ್ಸಮೆಯ ಕಿವಿಯಲ್ಲಿ ಒಂದೇ ಮಾತು ಹೇಳಿದ:

"ಹುಡುಗಿಯೇ ಹಾಗೆ ಹೇಳಿದಳು ಅಂದುಬಿಡೋ. ಒಂದು ವಾಕ್ಯ. ಊಟದ ಹೊತ್ತಿಗೆ ಮನೆಗೆ ಬಂದುಬಿಡ್ತೀವಿ."

"ಆರು ವರ್ಷದ ಮಗು ಚಿಕ್ಕಪ್ಪ ಅದು. ಅದರ ಮೇಲೆ ತಪ್ಪು ಹೊರಿಸಿ ಅದರ ಅಜ್ಜನ ಹತ್ತಿರ ನಾನು ಗೆಲ್ಲಬೇಕಾ?"

"ಈಗ ಹದಿನಾಲ್ಕಾಗಿರುತ್ತೆ."

"ಹೇಳಿದಾಗ ಆರು."

ಗುಡಾರಗಳ ಅಂಚಿನಲ್ಲಿ ಒಂದು ಜಾಲಿಮರ, ಅದರ ಕೆಳಗೆ ಆ ಸೀಮೆಯ ಮಲಾಖ್, ಅಂದರೆ ಹಿರಿಯರ ಹಿರಿಯ, ಕೂತಿದ್ದ. ಆ ಬರದಲ್ಲೂ ಅವರು ಅತಿಥಿಗಳೆಂದು ನಮ್ಮ ಮುಂದೆ ಎಳ್ಳೆಣ್ಣೆಯಲ್ಲಿ ಹುರಿದ ಒಂದು ಹಿಡಿ ಕಾಫಿಬೀಜ ಇಟ್ಟರು. ಅಲ್ಲಿನ ರೂಢಿಯಂತೆ ಆ ಎಣ್ಣೆಯನ್ನು ಕೈಗೂ ತಲೆಗೂ ಸವರಿಕೊಂಡು ನಾವು ವ್ಯಾಜ್ಯಕ್ಕೆ ಮಿಂಚುತ್ತ ಕೂತೆವು. ಹೆಂಗಸರು ಹಿಂದೆ, ನೀರಿನ ತೊಟ್ಟಿಯ ಪಕ್ಕ. ಇಸಾಕ್ ಬಂದ. ಮದರಂಗಿ ಹಚ್ಚಿದ ಕೆಂಪು ಗಡ್ಡ, ಕಡ್ಡಿಯಂಥ ಕಾಲು, ನಡುವಿಗೆ ಹಗ್ಗದಲ್ಲಿ ಕಟ್ಟಿದ ಒಂದು ತಗಡಿನ ಲೋಟ. ಮಲಾಖ್ ಅಪ್ಪಣೆ ಕೊಟ್ಟದ್ದೇ ತಡ, ಶುರುಮಾಡಿದ.

"ಈ ಊರಾಗ ನನಗ ಬಖೈಲ ಅಂತಾರ. ಅನ್ಲಿ. ಹೆಸರಿಟ್ಟಾವ ನನ್ನ ಹೇಂತಿ ತಮ್ಮ, ಅವ ಈಗ ಮಣ್ಣಾಗ ಅದಾನ. ಊರಾವ್ರು ಅಂದ್ರ ಅದು ಸಲಿಗಿ. ನಾರ್ವೆದಾವ್ರು ಅಂದ್ರ ಏನು ಸಲಿಗಿ? ನಾರ್ವೆದಾಗ ನಾ ಯಾರಿಗಿ ಏನು ಇಲ್ಲಂದೀನಿ?"

ಸಮತರ್ ಗಂಟಲು ಸರಿಪಡಿಸಿಕೊಂಡು, ನಾರ್ವೆಯ ಮಾನ್ಯ ಪ್ರಜೆಗಳಿಗೆ ಆ ಶಬ್ದದ ಅರ್ಥವೇ ತಿಳಿಯದೆಂದು ವಾರ್ತೆ ಓದಿದ.

"ನನ್ನ ತಂಗಿ ಮಗನಿಗಿ ತಿಳೀತೈತಲ್ಲ. ಅವ ನಕ್ಕಿದ್ದು ಫೋನಿನ್ಯಾಗ ಕೇಳಿಸ್ತು. ಸಮುದ್ರ ದಾಟಿ ಬಂದ ನಗಿ ಅದು, ಅದಕ್ಕ ರೊಕ್ಕ ಕೊಟ್ಟು ನಕ್ಕಾನ ಅವ."

ಮಲಾಖ್ ವರ್ಸಮೆಯ ಕಡೆಗೆ ತಿರುಗಿ, ಆ ಹೆಸರು ಯಾರ ಬಾಯಿಂದ ಬಂತೆಂದು ಕೇಳಿದ. ಸಮತರ್ ಮೊಣಕೈಯಿಂದ ತಿವಿದ. ವರ್ಸಮೆ ತನ್ನ ಎಡಪಕ್ಕದ ನೆಲವನ್ನು ನೋಡುತ್ತ, "ಬರೆಸಿದ್ದು ನಾನು. ಬಾಯಿ ಯಾರದಾದರೂ ಹೊಣೆ ನನ್ನದು" ಎಂದ.

"ಇದು ಉತ್ತರ ಅಲ್ಲ."

"ನನ್ನ ಹತ್ತಿರ ಇರೋದು ಇಷ್ಟೇ ಹಿರಿಯರೇ."

ಮರದ ಕೆಳಗೆ ಗುಸುಗುಸು ಎದ್ದಿತು. ಉತ್ತರ ಕೊಡದವನಿಗೆ ನ್ಯಾಯವೂ ಇಲ್ಲ, ಇಲ್ಲಿ ಕಾಲಿಡುವ ಹಕ್ಕೂ ಇಲ್ಲ ಎಂದು ಯಾರೋ ಹೇಳಿದರು. ನಾವು ಎದ್ದು ಹೋಗುವುದಕ್ಕೆ ಕೋಲು ಹುಡುಕಿಕೊಳ್ಳುತ್ತಿದ್ದೆವು. ಆಗ ಹೆಂಗಸರ ಕಡೆಯಿಂದ ಒಬ್ಬ ಎತ್ತರದ ಹುಡುಗಿ ಎದ್ದುನಿಂತಳು. ಲೋಟ ಇರಲಿಲ್ಲ, ಆ ಗದರಿಸುವ ಕಣ್ಣು ಮಾತ್ರ ಇದ್ದ ಹಾಗೇ ಇತ್ತು.

"ಹೇಳಿದಾಕಿ ನಾನು" ಎಂದಳು ಕಲ್ತೂಮೊ. "ಈ ಅಣ್ಣಾರು ಕೇಳಿದ್ರು, ನಾನಽ ಹೇಳಿದೆ. ನಿನ್ನ ಹೆಸರು ಅದಽ ಅಂತ ತಿಳಿದಿದ್ದೆ ಅಜ್ಜಾ. ಎಲ್ಲಾರೂ ಹಂಗಽ ಕರೀತಿದ್ರು. ನೀನೂ ಓ ಅಂತಿದ್ದಿ."

ಮೊದಲು ನಕ್ಕವರು ಹೆಂಗಸರು. ಆಮೇಲೆ ಮರವೇ ನಕ್ಕಂತಾಯಿತು. ಮಲಾಖ್ ನಗು ತಡೆಯಲಾರದೆ ಕಾಫಿಬೀಜ ಗಂಟಲಿಗೆ ಸಿಕ್ಕಿಸಿಕೊಂಡು, ಬೆನ್ನಿಗೆ ಗುದ್ದಿಸಿಕೊಂಡು ಬದುಕಿಕೊಂಡ. ಇಸಾಕನೊಬ್ಬ ನಗಲಿಲ್ಲ. ಮೊಮ್ಮಗಳನ್ನೂ ವರ್ಸಮೆಯನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದ.

"ನಿನಗ ಗೊತ್ತಿತ್ತಲ್ಲ. ಯಾಕ ಹೇಳಲಿಲ್ಲ?" ಎಂದು ವರ್ಸಮೆಯನ್ನು ಕೇಳಿದ.

"ಮಕ್ಕಳು ಅಜ್ಜನ ಹೆಸರು ತಪ್ಪು ಹೇಳಿದರೆ ಅದು ಅಜ್ಜನಿಗೂ ಮೊಮ್ಮಗಳಿಗೂ ಸೇರಿದ್ದು. ಊರ ಮುಂದೆ ಹೇಳೋದಕ್ಕೆ ನಾನು ಯಾರು?"

ಮುದುಕ ಮೊಮ್ಮಗಳ ಕಡೆ ತಿರುಗಿ ಹೇಳಿದ, ನಮಗೆಲ್ಲ ಕೇಳುವಂತೆ: "ಆ ಹೆಸರು ಯಾಕ ಬಂತು ಗೊತ್ತೇನು ನಿನಗ? ನಿಮ್ಮಪ್ಪ ಹುಟ್ಟಿದ ವರ್ಷ ಬಾವಿ ಎಲ್ಲಾ ಒಣಗಿ ಒಂದಽ ಉಳೀತು. ಅದನ್ನ ಕಾಯಾಕ ನನಗ ಕೂಡ್ಸಿದ್ರು. ಮನಿಗೊಂದು ಅಳತಿ. ನಿಮ್ಮಜ್ಜಿ ಬಾಣಂತಿ, ಆಕಿಗೂ ಅಷ್ಟಽ. ನಿಮ್ಮಜ್ಜಿ ತಮ್ಮ ಬಂದು, ನನ್ನ ಹೋರಿಗಿ ಒಂದು ಕೊಡ ಹೆಚ್ಚಿಗಿ ಕೊಡು ಅಂದ. ಇಲ್ಲಂದೆ. ಬಖೈಲ ಅಂದ. ಆ ವರ್ಷ ನಮ್ಮೂರಾಗ ಸತ್ತದ್ದು ಆ ಹೋರಿ ಒಂದಽ."

ತೊಟ್ಟಿಯ ಬಳಿಯಿಂದ ಒಬ್ಬ ಮುದುಕಿ ಕೂಗಿದಳು: "ಅದಕ್ಕಽ ಈಗೂ ತೊಟ್ಟಿ ಕೀಲಿ ಇವಗಽ ಕೊಟ್ಟೀವಿ. ದಾನಶೂರ ಕೂತಿದ್ರ ಮುಂಜಾನಿಗೆಽ ಖಾಲಿ ಆಗ್ತಿತ್ತು."

ಮಲಾಖ್ ತೀರ್ಪು ಕೊಟ್ಟ. ಕರೆದಾಗ ಓಗೊಟ್ಟ ಹೆಸರು ಸುಳ್ಳು ಹೆಸರಲ್ಲ. ಆದರೆ ಮನೆಯೊಳಗಿನ ಹೆಸರು ಬೀದಿಗೆ ಬಂದದ್ದೂ ನಿಜ. ಕಟ್ಟಳೆಯಂತೆ ವರ್ಸಮೆ ಇಸಾಕನಿಗೆ ಒಂದು ಒಂಟೆ ಕೊಡತಕ್ಕದ್ದು.

ಇಸಾಕ್ ಹೌಹಾರಿದ. "ಒಂಟಿ ಬ್ಯಾಡ. ಬರಗಾಲದಾಗ ಒಂಟಿ ಕೊಡಾವ ದಾನಿ ಅಲ್ಲ, ವೈರಿ. ಅದು ಒಂದಽ ಗುಟುಕಿನ್ಯಾಗ ನನ್ನ ತೊಟ್ಟಿ ಕುಡೀತೈತಿ. ಅದರ ಬದಲಿಗಿ ನನ್ನ ಫೋಟೋ ತಗೀಲಿ. ನನ್ನ ಹೆಸರಲೆ, ನನ್ನ ಕೆಲಸ ಮಾಡ್ತಿರೂವಾಗ. ಅದೂ ನಾರ್ವೆಗೆ ಮುಟ್ಟಬೇಕು."

ಹಾಗೆ, ಆ ಮಧ್ಯಾಹ್ನ, ವರ್ಸಮೆ ತೊಟ್ಟಿಯ ಬಳಿ ಕುಕ್ಕರಗಾಲಿನಲ್ಲಿ ಕೂತ. ಸಾಲು ಗುಡಾರಗಳ ಕೊನೆಯವರೆಗೂ ಇತ್ತು. ಇಸಾಕ್ ನಡುವಿನ ಲೋಟ ಬಿಚ್ಚಿ, ಅದ್ದಿ, ಅಂಚಿಗಿಂತ ಮೇಲೆದ್ದ ನೀರನ್ನು ತೋರುಬೆರಳಿನಿಂದ ಮತ್ತೆ ತೊಟ್ಟಿಗೇ ಸವರಿ ಹಾಕಿ, ಒಂದು ಹನಿ ಹೆಚ್ಚಿಲ್ಲದೆ, ಒಂದು ಹನಿ ಕಡಿಮೆಯಿಲ್ಲದೆ ಕೊಡಗಳಿಗೆ ಸುರಿಯುತ್ತಿದ್ದ. ತನ್ನ ಮೊಮ್ಮಗಳ ಕೊಡ ಬಂದಾಗಲೂ ಆ ಬೆರಳು ಹಾಗೇ ಸವರಿತು. ಅವಳು ಹಾಗೇ ಗುರಾಯಿಸಿದಳು. ಕ್ಯಾಮೆರಾ ಸದ್ದು ಮಾಡಿದ್ದು ಆ ಕ್ಷಣದಲ್ಲಿ. ಕೆಳಗೆ ಏನು ಬರೆಸಲಿ ಎಂದು ವರ್ಸಮೆ ಕೇಳಿದ. ಇಸಾಕ್ ತನ್ನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು ಹೇಳಿ, "ಮುಂದ ಬಖೈಲ ಅಂತಾನೂ ಹಾಕು. ಇಲ್ಲಾಂದ್ರ ಇಂವ ನಾನಽ ಅಂತ ನಮ್ಮ ಹುಡುಗಗ ಹ್ಯಾಂಗ ಗೊತ್ತಾಗ್ತೈತಿ?" ಎಂದ.

ಆಮೇಲೆ ಸಾಲಿನಲ್ಲಿದ್ದ ಹೆಂಗಸೊಬ್ಬಳು ಕೊಡ ಕೆಳಗಿಟ್ಟು, ಸೆರಗು ಸರಿಪಡಿಸಿಕೊಂಡು, ವರ್ಸಮೆಯ ಎದುರು ಬಂದು ಕೂತು, "ಸುದ್ದಿ ಕೊಡು ಮತ್ತ" ಎಂದಳು. ಅವಳ ಹಿಂದೆ ಇನ್ನೊಬ್ಬಳು. ನಮ್ಮ ವಿಮಾನ ಹೊರಟುಹೋಯಿತು. ನಾವು, ದೇಶದ ಭಾರ ಹೊತ್ತ ಹಿರಿಯರು, ಆ ರಾತ್ರಿ ಗುಡಾರಗಳ ನಡುವೆ ನೆಲದ ಮೇಲೆ ಮಲಗಿ, ದಹಬೊಳ ಬೆಂಚನ್ನು ನೆನೆದು ನಿಟ್ಟುಸಿರಿಟ್ಟೆವು.

ನೀರಿನ ಲಾರಿಗಳು ಬಂದವು. ಬರಬೇಕಾದ ಹೊತ್ತಿಗಿಂತ ತಡವಾಗಿ, ಹೇಳಿದ್ದಕ್ಕಿಂತ ಕಡಿಮೆ ಸಂಖ್ಯೆಯಲ್ಲಿ, ಆದರೂ ಬಂದವು. ಆಮೇಲೆ ಒಂದು ಕೊಳವೆಬಾವಿಯೂ ಬಂತು. ಅದರ ಕೀಲಿ ಯಾರ ಹತ್ತಿರವಿದೆಯೆಂದು ಹೇಳಬೇಕಾಗಿಲ್ಲ. ಮಳೆಯೂ ಬಂತು, ಅದು ಯಾರ ಚಿತ್ರವನ್ನೂ ನೋಡದೆ ತನ್ನ ಪಾಡಿಗೆ ತಾನು ಬಂತು. ನಾರ್ವೆಯ ಹುಡುಗ ಮತ್ತೆ ಫೋನು ಮಾಡಿದನಂತೆ. ಈ ಸಲ ನಗಲಿಲ್ಲವೆಂದೂ, ಅದರಿಂದ ತನಗೆ ಸ್ವಲ್ಪ ಬೇಸರವೇ ಆಯಿತೆಂದೂ ಇಸಾಕ್ ಹೇಳುತ್ತಾನೆ.

ಲೋಕದಲ್ಲಿ ಕಂಡದ್ದನ್ನು ಹೇಳುವವರಿಗೆ ಬರವಿಲ್ಲ. ಇನ್ನೊಬ್ಬರ ನೋವನ್ನು ಚೆನ್ನಾಗಿ ಹೇಳಿ ಹಾರ ಹಾಕಿಸಿಕೊಂಡವರೂ ಬಹಳ ಮಂದಿ ಇದ್ದಾರೆ, ಅವರಲ್ಲಿ ಒಳ್ಳೆಯವರೂ ಇದ್ದಾರೆ. ಹೇಳಿದ ಮೇಲೆ, ಯಾರ ಕಥೆ ಹೇಳಿದೆವೋ ಅವರೇ ಕರೆ ಕಳಿಸಿದಾಗ ಹೋಗಿ, ಅವರ ಮರದ ಕೆಳಗೆ ಕೈಕಟ್ಟಿ ಕೂತು, ಅವರಿಂದ ಬೈಸಿಕೊಂಡು, ತಿದ್ದಿಸಿಕೊಂಡು, ಮತ್ತೆ ಕೆಲಸಕ್ಕೆ ನಿಲ್ಲುವ ಜಾತಿ ಮಾತ್ರ ವಿರಳ. ಆ ಜಾತಿಯವರು ದೊಡ್ಡ ಸುಧಾರಕರಲ್ಲ. ಅವರಿಂದ ಬರಗಾಲ ನಿಲ್ಲುವುದಿಲ್ಲ, ಯುದ್ಧ ಮುಗಿಯುವುದಿಲ್ಲ. ಅವರು ಹೋದ ಕಡೆ ಮಾತ್ರ ಒಂದು ಸಂಗತಿ ನಡೆಯುತ್ತದೆ. ಎಲ್ಲ ಕಳೆದುಕೊಂಡವರೂ ತಮ್ಮ ಮುಖ ಇನ್ನೂ ತಮ್ಮದೇ, ಅದನ್ನು ಕೊಡುವುದೂ ಬಿಡುವುದೂ ತಮ್ಮ ಕೈಯಲ್ಲಿದೆ ಎಂದು ತಿಳಿದುಕೊಳ್ಳುತ್ತಾರೆ. ಹಾಗೆ ತಿಳಿದ ಜನ ಎಂಥ ಹರಕು ಗುಡಾರದಲ್ಲಿದ್ದರೂ, ಅಂಥವನು ಎರಡನೆಯ ಸಲ ಬಂದಾಗ, ಒಳಗಿನಿಂದ ಚಾಪೆ ತಂದು ಹಾಸುತ್ತಾರೆ.